ಐದು ಸಾವಿರ ಕಿಲೋಮೀಟರ್ ದೂರದ ತೊಗರಿ ನಮ್ಮ ಗಂಜ್ ದರ ಕೆಡಿಸುವುದು ಹೇಗೆ?

ಆಳಂದ_ಎರೆಮಣ್ಣು
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ತೊಗರಿ ಬೆಳೆಯುತ್ತೇವೆ. ನಾನು ಬಿ.ಕಾಂ. ಓದುತ್ತಿದ್ದೇನೆ. ಕಾಲೇಜಿನಲ್ಲಿ ಈಗ ದೇಶ-ದೇಶಗಳ ನಡುವಿನ ವ್ಯಾಪಾರದ ಪಾಠ. ಪುಸ್ತಕದಲ್ಲಿ ಬರೀ ಇಂಗ್ಲೆಂಡು, ಪೋರ್ಚುಗಲ್ಲು, ಬಟ್ಟೆ, ವೈನು. ನನಗೆ ಬೇಕಾಗಿರುವುದು ನಮ್ಮ ಕಲಬುರಗಿ ಗಂಜ್, ಅಂದರೆ ಕಾಳಿನ ಮಾರುಕಟ್ಟೆಯ ಲೆಕ್ಕ.

ಅಪ್ಪನ ಜೊತೆ ಮಾಲು ತಗೊಂಡು ಹೋಗಿದ್ದೆ. ಖರೀದಿದಾರರೊಬ್ಬರು ಚೀಲದೊಳಗೆ ಕೈ ಹಾಕಿ, ಕಾಳು ಅಂಗೈಯಲ್ಲಿ ಹರಡಿ ನೋಡಿದರು. "ಮಾಲು ಚಲೋ ಐತಿ, ಆದ್ರ ಮುಂಬೈಗೆ ಆಫ್ರಿಕಾ ಮಾಲು ಇಳಿದೈತಿ" ಅಂದರು. ಅಷ್ಟೇ, ದರ ಇಳಿಯಿತು.

ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಬೆಳೆದ ಊರಿನ ಹೆಸರಿನ ಗುರುತು ಬಂದಿದೆ. ತೊಗರಿ ಕಣಜ ಅಂತ ನಮ್ಮ ಜಿಲ್ಲೆಗೆ ಹೆಸರು. ಹಾಗಿದ್ದರೂ ಮೊಜಾಂಬಿಕ್‌ನಿಂದ ಸಮುದ್ರ ದಾಟಿ ಬಂದ ಕಾಳು ನಮಗಿಂತ ಅಗ್ಗ ಹೇಗೆ ಆಗುತ್ತದೆ? ಯಾವ ದೇಶದಿಂದ ಯಾವ ದೇಶಕ್ಕೆ ಏನು ಹೋಗಬೇಕು ಅಂತ ತೀರ್ಮಾನ ಮಾಡುವುದು ಯಾರು, ಯಾವುದು? ಗೊತ್ತಿದ್ದವರು ಬಿಡಿಸಿ ಹೇಳಿ.

ಅಫಜಲಪುರ_ಕಬ್ಬು
ಇದರಲ್ಲಿ ಬಿಡಿಸಿ ಹೇಳುವುದೇನಿದೆ? ಆಮದು ಬಂದ್ ಮಾಡಿದರೆ ಎಲ್ಲ ಸರಿ ಹೋಗುತ್ತದೆ.

ಬೆಂಗಳೂರು_ಸಾರು
ಬಂದ್ ಮಾಡಿದರೆ ಊಟ ಮಾಡುವವರ ಗತಿ? 2015ರ ಅಕ್ಟೋಬರ್‌ನಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತ್ತು. ನಾನೂ ಕಲಬುರಗಿಯವನೇ, ಇಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಆಗ ಮನೆಯಲ್ಲಿ ವಾರಗಟ್ಟಲೆ ತೊಗರಿ ಬಿಟ್ಟು ಹೆಸರುಬೇಳೆ ಸಾರು.

ಸೇಡಂ_ಮೇಷ್ಟ್ರು
ತಮ್ಮಾ ಎರೆಮಣ್ಣು, ಪ್ರಶ್ನೆ ಚೆನ್ನಾಗಿದೆ. ನಾನು ಬಹಳ ವರ್ಷ ಅರ್ಥಶಾಸ್ತ್ರ ಕಲಿಸಿದವನು. ನಿನ್ನ ಪುಸ್ತಕದ ಬಟ್ಟೆ-ವೈನು ಕತೆ ಡೇವಿಡ್ ರಿಕಾರ್ಡೊ 1817ರಲ್ಲಿ ಹೇಳಿದ್ದು. ಎರಡೂ ವಸ್ತುವನ್ನು ಒಂದು ದೇಶ ಕಡಿಮೆ ಶ್ರಮದಲ್ಲಿ ಮಾಡಬಹುದು. ಆದರೂ ತನಗೆ ಯಾವುದರಲ್ಲಿ ಲಾಭ ಹೆಚ್ಚೋ ಅದಕ್ಕೆ ಕೈ ಹಚ್ಚಿ, ಇನ್ನೊಂದನ್ನು ಹೊರಗಿನಿಂದ ತರಿಸಿಕೊಂಡರೆ ಇಬ್ಬರಿಗೂ ಒಳ್ಳೆಯದು ಎನ್ನುವುದು ಅದರ ತಿರುಳು.

ಎರಡನೆಯದು, ಯಾನ್ ಟಿನ್‌ಬರ್ಗೆನ್ 1962ರಲ್ಲಿ ಕೊಟ್ಟ ಲೆಕ್ಕ. ಎರಡು ದೇಶಗಳ ಆರ್ಥಿಕತೆ ದೊಡ್ಡದಿದ್ದಷ್ಟೂ ಅವುಗಳ ನಡುವೆ ವ್ಯಾಪಾರ ಜಾಸ್ತಿ, ದೂರ ಹೆಚ್ಚಾದಷ್ಟೂ ಕಡಿಮೆ. ಅರ್ಥಶಾಸ್ತ್ರಕ್ಕೆ ನೊಬೆಲ್ ಶುರುವಾದ 1969ರಲ್ಲೇ ಮೊದಲ ಬಹುಮಾನ ಹಂಚಿಕೊಂಡವರು ಅವರು. ಒಟ್ಟು ವ್ಯಾಪಾರಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಆದರೆ ತೊಗರಿಯಂಥ ಒಂದೇ ಮಾಲು ಹಿಡಿದು ನೋಡಿದರೆ ಸಾಲದು. ಮೊಜಾಂಬಿಕ್ ದೊಡ್ಡ ಆರ್ಥಿಕತೆಯೂ ಅಲ್ಲ, ಹತ್ತಿರದ ದೇಶವೂ ಅಲ್ಲ.

ಶಹಾಪುರ_ಹತ್ತಿ
ಮೇಷ್ಟ್ರೇ, ಹತ್ತಿರ ಇದ್ದರೆ ವ್ಯಾಪಾರ ಜಾಸ್ತಿ ಅಂದಿರಿ. ಪಾಕಿಸ್ತಾನ ಪಕ್ಕದಲ್ಲೇ ಇದೆ. ವ್ಯಾಪಾರ ಎಲ್ಲಿದೆ?

ಸೇಡಂ_ಮೇಷ್ಟ್ರು
ಅದಕ್ಕೇ ಸಾಲದು ಅಂದದ್ದು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿ ಆದಮೇಲೆ ಅಲ್ಲಿಂದ ಬರುವ ಮಾಲಿಗೆ ಶೇ 200 ಸುಂಕ ಹಾಕಿದರು. 2025ರ ಮೇನಲ್ಲಿ ಪೂರ್ತಿ ನಿಂತಿತು. ನಕ್ಷೆಯಲ್ಲಿ ಹತ್ತಿರ ಇದ್ದರೂ ರಾಜಕೀಯ ಒಪ್ಪದಿದ್ದರೆ ಚೀಲ ದಾಟುವುದಿಲ್ಲ.

ಗಂಜ್_ಅಡತಿ
ನಾನು ಗಂಜ್‌ನಲ್ಲಿ ಅಡತ ಅಂಗಡಿ ಇಟ್ಟವನು, ರೈತರ ಮಾಲು ಮಾರಿಸಿ ಕಮಿಷನ್ ತಗೊಳ್ಳುವವನು. ದೊಡ್ಡ ಸಿದ್ಧಾಂತ ನನಗೆ ತಿಳಿಯುವುದಿಲ್ಲ, ಮಾಲಿನ ಮಾತು ಹೇಳುತ್ತೇನೆ.

ಮೊದಲು ತಿಂಗಳು ನೋಡಬೇಕು. ನಮ್ಮಲ್ಲಿ ಜೂನ್-ಜುಲೈಗೆ ಬಿತ್ತನೆ, ಡಿಸೆಂಬರ್-ಜನವರಿಗೆ ರಾಶಿ. ಅಂದರೆ ಆಗಸ್ಟ್‌ನಿಂದ ನವೆಂಬರ್ ತನಕ ಗಂಜ್‌ನಲ್ಲಿ ಹೊಸ ಮಾಲು ಇಲ್ಲ. ಹಳೆ ಮಾಲು ಕರಗುತ್ತಿರುತ್ತದೆ, ಹಬ್ಬಗಳು ಬರುತ್ತವೆ, ದರ ಏರುತ್ತದೆ. ಆಫ್ರಿಕಾದ ಆ ಭಾಗದಲ್ಲಿ ಮಳೆಗಾಲವೇ ಬೇರೆ. ಅವರ ರಾಶಿ ಆಗಸ್ಟ್-ಸೆಪ್ಟೆಂಬರ್‌ಗೆ. ನಮಗೆ ಖಾಲಿ ಇರುವ ಹೊತ್ತಿಗೇ ಅವರ ಹಡಗು ಹೊರಡುತ್ತದೆ. ಬರ್ಮಾ ಮಾಲು ಹಾಗಲ್ಲ, ಅದು ನಮ್ಮ ರಾಶಿಯ ಜೊತೆಗೇ ಬರುತ್ತದೆ. ಲೆಮನ್ ತೊಗರಿ ಅಂತೀವಲ್ಲ, ಅದು.

ಆಫ್ರಿಕಾ ಮಾಲು ಹೇಳಿದ ವೇಳೆಗೆ ಬಂದು ದೀಪಾವಳಿಯೊಳಗೆ ಖರ್ಚಾದರೆ ನಮ್ಮ ರೈತನಿಗೆ ಅಂಥ ಹೊಡೆತ ಇಲ್ಲ. ತಡವಾಗಿ ಬಂದು ಜನವರಿಯಲ್ಲಿ ಗೋದಾಮಿನಲ್ಲಿ ಕೂತರೆ ನಿನ್ನ ಅಪ್ಪನಿಗೆ ಆದಂತೆ ಆಗುತ್ತದೆ.

ಆಳಂದ_ಎರೆಮಣ್ಣು
ಕಾಕಾ, ಇದು ನಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ಗಂಜ್‌ನಲ್ಲಿ ಕಾಳು ನೋಡಿದರೆ ಯಾವ ದೇಶದ್ದು ಅಂತ ಗೊತ್ತಾಗುತ್ತದಾ?

ಗಂಜ್_ಅಡತಿ
ಗೊತ್ತಾಗದೆ ಏನು. ಗಜ್ರಿ, ಅರುಷಾ, ಮಟ್ವಾರಾ ಅಂತ ಒಂದೊಂದಕ್ಕೂ ಹೆಸರಿದೆ. ಗಜ್ರಿ ಮೊಜಾಂಬಿಕ್‌ದು, ಅರುಷಾ-ಮಟ್ವಾರಾ ಟಾಂಜಾನಿಯಾದ ಊರುಗಳ ಮೇಲೆ. ಬಣ್ಣ ಬೇರೆ, ಗಾತ್ರ ಬೇರೆ, ಬೇಳೆ ಬೀಳುವ ಪ್ರಮಾಣ ಬೇರೆ. ನಮ್ಮ ಮಾಲಿಗೆ ರುಚಿ ಇದೆ, ಬೇಗ ಬೇಯುತ್ತದೆ. ಮಿಲ್‌ನವರು ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡುತ್ತಾರೆ. ಆದರೆ ಎಷ್ಟು ಜಾಸ್ತಿ ಎನ್ನುವುದಕ್ಕೆ ಒಂದು ಮಿತಿ ಇದೆ. ಆ ಮಿತಿ ಕಟ್ಟುವುದು ಬಂದರಿಗೆ ಇಳಿದ ಮಾಲಿನ ದರವೇ.

ಮಸ್ಕತ್_ಚಿತ್ತಾಪುರ
ನಾನು ಸರಕು ಸಾಗಣೆ ಕೆಲಸದಲ್ಲಿದ್ದೇನೆ. ದೂರದ ಬಗ್ಗೆ ಒಂದು ಮಾತು ಹೇಳಲೇಬೇಕು.

ಮೊಜಾಂಬಿಕ್‌ನ ನಕಾಲಾ ಬಂದರಿನಿಂದ ಮುಂಬೈ ಹತ್ತಿರದ ನ್ಹಾವಾ ಶೇವಾಗೆ ಸುಮಾರು 5 ಸಾವಿರ ಕಿ.ಮೀ. ಕೇಳಿದರೆ ಗಾಬರಿಯಾಗುತ್ತದೆ. ಆದರೆ 20 ಅಡಿ ಕಂಟೇನರ್ ಒಂದರಲ್ಲಿ ಸುಮಾರು 24 ಟನ್ ಕಾಳು ಕೂರುತ್ತದೆ. ಅಂದರೆ 240 ಕ್ವಿಂಟಾಲ್. ಬಾಡಿಗೆ ಎಷ್ಟೇ ಇರಲಿ, 240ರಿಂದ ಭಾಗಿಸಿ ನೋಡಿ. ಅದರ ಮೇಲೆ, ಭಾರತದಿಂದ ಆ ಕಡೆ ಅಕ್ಕಿ, ಔಷಧಿ, ಮೋಟರ್‌ಸೈಕಲ್ ತುಂಬಿಕೊಂಡು ಹೋದ ಡಬ್ಬಿಗಳು ಹೇಗೂ ವಾಪಸ್ ಬರಬೇಕು. ಖಾಲಿ ತರುವ ಬದಲು ಕಡಿಮೆ ಬಾಡಿಗೆಗೆ ತುಂಬಿಕೊಂಡು ಬರುತ್ತಾರೆ.

ನಿಜವಾಗಿ ಖರ್ಚು ಕೂರುವುದು ನೆಲದ ಮೇಲೆ. ಜಾಂಬೇಜಿಯಾ ಕಡೆಯ ಹಳ್ಳಿಯಿಂದ ಕೆಟ್ಟ ರಸ್ತೆಯಲ್ಲಿ ಬಂದರಿಗೆ ತರುವುದು, ನ್ಹಾವಾ ಶೇವಾದಿಂದ ಕಲಬುರಗಿ ಕಡೆಯ ಮಿಲ್‌ಗೆ ಟ್ರಕ್‌ನಲ್ಲಿ ಐನೂರು ಕಿ.ಮೀ. ಮೇಲೆ ತರುವುದು. ಮಲಾವಿ ದೇಶಕ್ಕಂತೂ ಸಮುದ್ರವೇ ಇಲ್ಲ. ಅದರ ಕಾಳು ಮೊಜಾಂಬಿಕ್ ದಾಟಿಯೇ ನಕಾಲಾ ಅಥವಾ ಬೇರಾ ಬಂದರು ಸೇರಬೇಕು. ಬಂದರು ಇಲ್ಲದ ದೇಶ ಮತ್ತು ಬಂದರಿನಿಂದ ದೂರದ ಜಿಲ್ಲೆ, ಎರಡಕ್ಕೂ ಒಂದೇ ಪೆಟ್ಟು.

ಈಗಿನ ಥರದ ಕಂಟೇನರ್ ಸಾಗಣೆ ಶುರುವಾದದ್ದೇ 1956ರಲ್ಲಿ. ಮಾಲ್ಕಮ್ ಮೆಕ್‌ಲೀನ್ ಎನ್ನುವವರು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಡಬ್ಬಿ ಹಡಗಿನ ಮೇಲೆ ಕಳಿಸಿದರು. ಅದಕ್ಕೆ ಮುಂಚೆ ಇಂಥ ಚೀಲದ ಮಾಲು ಹೆಚ್ಚಾಗಿ ಹಮಾಲರ ಬೆನ್ನ ಮೇಲೆ ಒಂದೊಂದೇ ಚೀಲವಾಗಿ ಏರಿ ಇಳಿಯುತ್ತಿತ್ತು. ವಾರಗಟ್ಟಲೆ ಹಡಗು ಬಂದರಿನಲ್ಲೇ ನಿಲ್ಲುತ್ತಿತ್ತು.

ಅಫಜಲಪುರ_ಕಬ್ಬು
ಹಾಗಾದರೆ ಕೆಂಪು ಸಮುದ್ರದ ಗಲಾಟೆಯಿಂದ ಹಡಗು ಬಾಡಿಗೆ ಏರಿದ್ದಕ್ಕೇ 2024ರಲ್ಲಿ ತೊಗರಿ ದುಬಾರಿ ಆದದ್ದು. ಟಿವಿಯಲ್ಲೂ ಹೇಳಿದರು.

ಮಸ್ಕತ್_ಚಿತ್ತಾಪುರ
ಇಲ್ಲ ಅಣ್ಣಾ. ನಕ್ಷೆ ತೆಗೆದು ನೋಡಿ. ಮೊಜಾಂಬಿಕ್, ಟಾಂಜಾನಿಯಾ ಎರಡೂ ಆಫ್ರಿಕಾದ ಪೂರ್ವ ದಂಡೆ. ಅಲ್ಲಿಂದ ಹಡಗು ಹಿಂದೂ ಮಹಾಸಾಗರದಲ್ಲಿ ನೇರ ಬರುತ್ತದೆ, ಕೆಂಪು ಸಮುದ್ರ ಮುಟ್ಟುವುದೇ ಇಲ್ಲ. ಪೆಟ್ಟು ಬಿದ್ದದ್ದು ರಷ್ಯಾದ ಕಪ್ಪು ಸಮುದ್ರದ ಕಡೆಯಿಂದ ಸೂಯೆಜ್ ದಾಟಿ ಬರುವ ಹಳದಿ ಬಟಾಣಿಯಂಥ ಮಾಲಿಗೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೌತಿ ಬಂಡುಕೋರರ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಗುಡ್‌ಹೋಪ್ ಭೂಶಿರ ಸುತ್ತಿ ಹೋಗಬೇಕಾಯಿತು. ಆಗ ಡಬ್ಬಿಗಳ ಕೊರತೆಯಾಗಿ ಎಲ್ಲ ಕಡೆ ಬಾಡಿಗೆ ಸ್ವಲ್ಪ ಏರಿತು. ಅಷ್ಟು ಮಾತ್ರ ನಿಜ.

ದಾಲ್‌ಮಿಲ್_ಹುಮನಾಬಾದ್
2024ರ ದರಕ್ಕೆ ಕಾರಣ ನಾವು ಕಣ್ಣಾರೆ ಕಂಡಿದ್ದೇವೆ. 2022-23ರ ಹಂಗಾಮಿನಲ್ಲಿ ಕಲಬುರಗಿ ಕಡೆ ನೆಟೆ ರೋಗ ಬಿತ್ತು. ಹೂ, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿತು. ಮರು ವರ್ಷ ಮಳೆ ಕೈಕೊಟ್ಟಿತು. ದೇಶಕ್ಕೆ ವರ್ಷಕ್ಕೆ 45 ಲಕ್ಷ ಟನ್ ಹತ್ತಿರ ತೊಗರಿ ಬೇಕು. 2023-24ರಲ್ಲಿ ಬೆಳೆದದ್ದು 34 ಲಕ್ಷ ಟನ್. ಅದರ ಮೇಲೆ 2023ರ ಕೊನೆಯಲ್ಲಿ ಮೊಜಾಂಬಿಕ್‌ನಲ್ಲಿ ರಫ್ತುದಾರರ ನಡುವೆ ಕೋರ್ಟು ಜಗಳ ಎದ್ದು, ನಕಾಲಾದಲ್ಲಿ ಮಾಲು ಸಿಕ್ಕಿಹಾಕಿಕೊಂಡಿತು. ಇಲ್ಲಿ ಮಿಲ್‌ಗಳು ಕಾಳಿಗಾಗಿ ಕಾಯುತ್ತಾ ಕೂತವು.

ಬೆಳೆ, ರೋಗ, ಮಳೆ, ಬಂದರು, ಕೋರ್ಟು. ಇಷ್ಟೂ ಸೇರಿ ಕ್ವಿಂಟಾಲ್ 10 ಸಾವಿರ ದಾಟಿತು. ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ.

ಬೀದರ್_ಕೋಟೆ
ಸ್ವಲ್ಪ ಹಿಂದಕ್ಕೆ ಹೋಗೋಣವಾ? ಆಫ್ರಿಕಾ ಜೊತೆ ನಮ್ಮ ಭಾಗದ ನಂಟು ನಿನ್ನೆ ಮೊನ್ನೆಯದಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಹಬಶಿಗಳು, ಅಂದರೆ ಆಫ್ರಿಕಾ ಮೂಲದವರು, ಬೀದರ್‌ನಲ್ಲಿ ದೊಡ್ಡ ಹುದ್ದೆಗಳಲ್ಲಿದ್ದರು. ಹಬಶಿ ಕೋಟ್ ಗುಡ್ಡದ ಮೇಲೆ ಅವರ ಗೋರಿಗಳು ಇಂದಿಗೂ ಇವೆ. ಮಹಮೂದ್ ಗವಾನ್ ಕೂಡ ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದವನು. ಆಮೇಲೆ ಪ್ರಧಾನಿಯಾಗಿ 1472ರಲ್ಲಿ ಮದರಸಾ ಕಟ್ಟಿಸಿದ.

ಅದೇ ಸುಮಾರಿಗೆ ರಷ್ಯಾದಿಂದ ಅಫನಾಸಿ ನಿಕಿತಿನ್ ಎನ್ನುವ ವ್ಯಾಪಾರಿ ಒಂದು ಕುದುರೆ ತಗೊಂಡು ಚೌಲ್ ಬಂದರಿಗೆ ಇಳಿದ. ದಖನ್‌ನಲ್ಲಿ ಒಳ್ಳೆ ಕುದುರೆ ಹುಟ್ಟುತ್ತಿರಲಿಲ್ಲ, ಸೈನ್ಯಕ್ಕೆ ಬೇಕೇ ಬೇಕಿತ್ತು. ಹಾಗಾಗಿ ಒಳ್ಳೆ ಬೆಲೆ ಸಿಗುತ್ತದೆ ಅನ್ನುವ ಲೆಕ್ಕ. ಜುನ್ನರ್‌ನಲ್ಲಿ ಅಲ್ಲಿನ ಖಾನ್ ಕುದುರೆ ಕಿತ್ತುಕೊಂಡು, ಮತ ಬದಲಿಸು ಅಂತ ಒತ್ತಾಯ ಮಾಡಿದ. ಹೇಗೋ ಬಿಡಿಸಿಕೊಂಡು ಬೀದರ್‌ಗೆ ಬಂದು ಮಾರಿದ. ನಮ್ಮ ದೇಶಕ್ಕೆ ಒಯ್ಯುವಂಥ ಮಾಲು ಇಲ್ಲಿಲ್ಲ, ಮೆಣಸು ಬಣ್ಣ ಅಗ್ಗ, ಆದರೆ ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರು ಜಾಸ್ತಿ ಅಂತ ಬರೆದಿಟ್ಟಿದ್ದಾನೆ. ಬೇಡಿಕೆ, ಬೆಲೆ, ಸುಂಕ, ದಾರಿಯ ಭಯ. ಐನೂರೈವತ್ತು ವರ್ಷದ ಹಿಂದೆ ನಮ್ಮೂರಲ್ಲಿ ಕೂತು ಅವನು ಹಾಕಿದ ಲೆಕ್ಕವನ್ನೇ ಇಂದಿನ ಆಮದುದಾರರೂ ಹಾಕುತ್ತಾರೆ.

ಚಿಂಚೋಳಿ_ಅಕ್ಕ
ಬೀದರ್ ಅಣ್ಣಾ, ಬಹಳ ಚೆನ್ನಾಗಿ ಹೇಳಿದಿರಿ. ನನ್ನ ಮಗಳಿಗೆ ಓದಿ ಹೇಳಿದೆ.

ಅಫಜಲಪುರ_ಕಬ್ಬು
ಇತಿಹಾಸ ಇರಲಿ, ದರದ ಮಾತಿಗೆ ಬನ್ನಿ. 2023ರ ಮಾರ್ಚ್‌ನಲ್ಲಿ ಸರ್ಕಾರ ತೊಗರಿ ಮೇಲಿದ್ದ ಶೇ 10 ಆಮದು ಸುಂಕ ತೆಗೆದು ಹಾಕಿತು. ಅದೇ ನಮ್ಮನ್ನು ಮುಳುಗಿಸಿದ್ದು.

ದಾಲ್‌ಮಿಲ್_ಹುಮನಾಬಾದ್
ಅಣ್ಣಾ, ಅಲ್ಲೊಂದು ಸೂಕ್ಷ್ಮ ಇದೆ. ಮೊಜಾಂಬಿಕ್, ಟಾಂಜಾನಿಯಾ, ಮಲಾವಿ, ಬರ್ಮಾ ಎಲ್ಲವೂ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶಗಳ ಮಾಲಿಗೆ ಭಾರತ 2008ರಿಂದಲೇ ಸುಂಕದ ರಿಯಾಯಿತಿ ಕೊಡುತ್ತಾ ಬಂದಿದೆ. ಶೇ 10 ಇದ್ದಾಗಲೂ ಆ ಕಾಳು ಸುಂಕವಿಲ್ಲದೇ ಬರುತ್ತಿತ್ತು. ನಮಗೆ ನಿಜವಾಗಿ ತಾಗುವುದು ಸುಂಕಕ್ಕಿಂತ ಪ್ರಮಾಣದ ಮಿತಿ. 2021ರ ಮೇನಲ್ಲಿ ತೊಗರಿ ಆಮದನ್ನು ಮಿತಿಯಿಂದ ಬಿಡಿಸಿ ಮುಕ್ತ ಮಾಡಿದರು. ಆಮೇಲೆ ವರ್ಷ ವರ್ಷ ಮುಂದೂಡುತ್ತಾ 2026ರ ಮಾರ್ಚ್ 31ರ ತನಕ ತಂದರು. ಬಾಗಿಲು ತೆಗೆದದ್ದು ಅಲ್ಲಿ.

ಸೇಡಂ_ಮೇಷ್ಟ್ರು
ಸರಿಯಾದ ಮಾತು. ಸುಂಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಿತಿ, ಪರವಾನಗಿ, ತಪಾಸಣೆ ಬೀಳುವುದಿಲ್ಲ. ಕೆನಡಾದಿಂದ ಬೇಳೆಕಾಳು ಬರುವಾಗ ಹುಳ ಸಾಯಿಸಲು ಮೀಥೈಲ್ ಬ್ರೋಮೈಡ್ ಹೊಗೆ ಹಾಕಿರಬೇಕು ಎನ್ನುವ ನಿಯಮ ವರ್ಷಗಟ್ಟಲೆ ಚರ್ಚೆಯಲ್ಲಿತ್ತು. ಕಾಗದದ ಮೇಲೆ ಅದು ಗಿಡದ ಆರೋಗ್ಯದ ನಿಯಮ. ಆದರೆ ಹಡಗು ಬರುತ್ತದೋ ಇಲ್ಲವೋ ಎನ್ನುವುದು ಅದರ ಮೇಲೇ ನಿಂತಿರುತ್ತದೆ.

ಬೆಂಗಳೂರು_ಸಾರು
ಬರ್ಮಾದಲ್ಲಿ ಸೇನೆ ಆಡಳಿತ ಹಿಡಿದ ಮೇಲೆ ಅಲ್ಲಿಂದ ಮಾಲು ನಿಲ್ಲಲಿಲ್ಲವಾ?

ಗಂಜ್_ಅಡತಿ
ನಿಲ್ಲಲಿಲ್ಲ, ಆದರೆ ದುಡ್ಡಿನ ದಾರಿ ಕಗ್ಗಂಟಾಯಿತು. ಮುಂಬೈ ವ್ಯಾಪಾರಿಗಳು ಆಗ ದಿನಾ ಅದೇ ಮಾತಾಡುತ್ತಿದ್ದರು.

ಮಸ್ಕತ್_ಚಿತ್ತಾಪುರ
ಕಾಕಾ ಹೇಳಿದ್ದು ಹೌದು. 2021ರ ಫೆಬ್ರವರಿಯಲ್ಲಿ ಸೇನೆ ಬಂತು. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು, ರಫ್ತಿನಿಂದ ಬಂದ ಡಾಲರ್‌ಗಳನ್ನು ತಾನು ಹೇಳಿದ ದರಕ್ಕೆ ಅಲ್ಲಿನ ನಾಣ್ಯ ಕ್ಯಾಟ್‌ಗೆ ಬದಲಿಸಲೇಬೇಕು ಅಂತ ಆದೇಶ ಮಾಡಿತು. ಹೊರಗಿನ ದರ ಅದಕ್ಕಿಂತ ಬಹಳ ಮೇಲಿತ್ತು. ಅಂದರೆ ಅಲ್ಲಿನ ರಫ್ತುದಾರನಿಗೆ ಪ್ರತಿ ಡಾಲರ್ ಮೇಲೂ ನಷ್ಟ. ಅವನು ಆ ನಷ್ಟವನ್ನು ರೈತನ ಮೇಲೆ ಹಾಕುತ್ತಾನೆ, ಇಲ್ಲವೇ ನಮ್ಮ ಮೇಲೆ. 2024ರ ಜನವರಿಯಿಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೂಲಕ ರೂಪಾಯಿ-ಕ್ಯಾಟ್ ನೇರ ಪಾವತಿಯ ದಾರಿ ತೆಗೆದರು, ಡಾಲರ್ ನಡುವೆ ಬರದ ಹಾಗೆ.

ಎರೆಮಣ್ಣು, ಇದನ್ನು ಬರೆದುಕೋ. ಹಣ ಸುರಕ್ಷಿತವಾಗಿ ದಾಟುವ ದಾರಿ ಇಲ್ಲದಿದ್ದರೆ ಮಾಲೂ ದಾಟುವುದಿಲ್ಲ. ಮತ್ತೆ ರೂಪಾಯಿ ಬೆಲೆ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಅದೇ ಕಾಳು, ಅದೇ ಡಾಲರ್ ದರ, ಆದರೂ ರೂಪಾಯಿಯಲ್ಲಿ ಇಲ್ಲಿ ಬಂದು ಬೀಳುವ ಬೆಲೆ ಜಾಸ್ತಿ. ರೂಪಾಯಿ ಬಿದ್ದಾಗ ಆಮದು ತುಟ್ಟಿ, ಊರಿನ ರೈತನಿಗೆ ಸ್ವಲ್ಪ ಆಸರೆ.

ಅಫಜಲಪುರ_ಕಬ್ಬು
ಆಸರೆ ಎಲ್ಲಿ ಬಂತು? ಗೊಬ್ಬರ, ಡೀಸೆಲ್ ಎಲ್ಲ ಹೊರಗಿನದೇ. ರೂಪಾಯಿ ಬಿದ್ದರೆ ಅವೂ ಏರುತ್ತವೆ.

ಸೇಡಂ_ಮೇಷ್ಟ್ರು
ಇದು ಒಪ್ಪತಕ್ಕ ಮಾತು.

ಗಂಜ್_ಅಡತಿ
ಈಗ ನಾನು ಬಹಳ ದಿನದಿಂದ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ದರ ಆಕಾಶಕ್ಕೆ ಹೋಯಿತು. ಸರ್ಕಾರಕ್ಕೆ ಗಾಬರಿಯಾಗಿ 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್, ಐದು ವರ್ಷದಲ್ಲಿ 2 ಲಕ್ಷ ಟನ್‌ಗೆ ಏರಿಸುವುದು. ಅಲ್ಲಿನ ರೈತರಿಗೆ ಬೆಳೆಯಿರಿ, ನಾವು ಕೊಳ್ಳುತ್ತೇವೆ ಎನ್ನುವ ಸುದ್ದಿ ಹೋಯಿತು. ಇಲ್ಲಿ ನಮ್ಮ ರೈತರೂ ಆ ದರ ನೋಡಿ ಕಂಡ ಕಂಡಲ್ಲಿ ತೊಗರಿ ಹಾಕಿದರು. ಮಳೆಯೂ ಚೆನ್ನಾಗಿ ಆಯಿತು. 2016-17ರಲ್ಲಿ ದೇಶದ ಬೆಳೆ 48 ಲಕ್ಷ ಟನ್ ದಾಟಿತು.

ಆಗ ಬೆಂಬಲ ಬೆಲೆ ಬೋನಸ್ ಸೇರಿ 5,050. ಗಂಜ್‌ನಲ್ಲಿ ಮಾಲು 4 ಸಾವಿರದ ಸುಮಾರಿಗೆ ಹೋಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್ ಸಾಲು. ರಾತ್ರಿ ಚೀಲದ ಮೇಲೇ ಮಲಗಿದ ರೈತರನ್ನು ನಾನು ನೋಡಿದ್ದೇನೆ. ಗೋಣಿಚೀಲ ಸಿಗಲಿಲ್ಲ, ತೂಕ ಆಗಲಿಲ್ಲ. ಎಷ್ಟೋ ಜನ ಬೇಸತ್ತು ಸಿಕ್ಕ ದರಕ್ಕೆ ಕೊಟ್ಟು ಹೋದರು.

2017ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಒಪ್ಪಂದದ ಪಾಲಿಗೆ ಆ ಮಿತಿ ಇರಲಿಲ್ಲ. ಆದರೂ ಮೊಜಾಂಬಿಕ್‌ನಲ್ಲಿ ದರ ನೆಲ ಕಚ್ಚಿತು. ನಮ್ಮ ರಾಶಿ ಮುಗಿದು ಆರು ತಿಂಗಳಾಗಿತ್ತು, ಹಾಗಾಗಿ ಆ ಆದೇಶ ನಮ್ಮ ಸಣ್ಣ ರೈತನಿಗೆ ತಡವಾಯಿತು. ಅವರ ರಾಶಿ ಆಗ ತಾನೇ ಶುರು, ಅವರಿಗೆ ಅದು ಇದ್ದಕ್ಕಿದ್ದಂತೆ ಬಂದ ಪೆಟ್ಟು. ಎರಡೂ ಕಡೆಯ ಬಡವ ಒಂದೇ ಆದೇಶದಲ್ಲಿ ಕೆಟ್ಟ.

ಚಿಂಚೋಳಿ_ಅಕ್ಕ
ಕಾಕಾ, ಆ ಸಾಲಿನಲ್ಲಿ ನನ್ನ ಮನೆಯವರೂ ಇದ್ದರು. ಮನೆಗೆ ಬಂದಾಗ ಮೈ ಜ್ವರ. ಆ ವರ್ಷ ಮಾರಿದ ದರಕ್ಕೂ, ಅದೇ ವರ್ಷ ಅಂಗಡಿಯಲ್ಲಿ ನಾನು ತಂದ ಬೇಳೆ ದರಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ಬೆಂಗಳೂರಿನವರೂ ತಿಳಿಯಬೇಕು. ಹಳ್ಳಿಯಲ್ಲಿ ಕಾಳು ಮಾರುವವರೇ ಮೂರು ತಿಂಗಳ ನಂತರ ಬೇಳೆ ಕೊಳ್ಳುವವರು.

ಬೆಂಗಳೂರು_ಸಾರು
ಅಕ್ಕಾ, ಇದನ್ನು ನಾನು ಯೋಚಿಸಬೇಕಾದದ್ದೇ. ಕಾಳು 4 ಸಾವಿರ ಆದರೆ ಬೇಳೆಯೂ ಅಷ್ಟೇ ಇಳಿಯಬೇಕಲ್ಲವಾ? ಯಾಕೆ ಇಳಿಯುವುದಿಲ್ಲ?

ದಾಲ್‌ಮಿಲ್_ಹುಮನಾಬಾದ್
ಕ್ವಿಂಟಾಲ್ ಕಾಳಿನಿಂದ ಕ್ವಿಂಟಾಲ್ ಬೇಳೆ ಬರುವುದಿಲ್ಲ. ಸಿಪ್ಪೆ, ನುಚ್ಚು, ಚುನ್ನಿ ಹೋಗಿ ಮುಕ್ಕಾಲು ಪಾಲಿನ ಆಸುಪಾಸು ಬೇಳೆ. ಎಣ್ಣೆ ಹಚ್ಚಿ, ಒಣಗಿಸಿ, ಒಡೆಯುವ ಖರ್ಚು. ಆಮೇಲೆ ಸಗಟು, ಚಿಲ್ಲರೆ. ಮಧ್ಯದವರ ಪಾಲು ಎಷ್ಟಿರಬೇಕು ಎನ್ನುವುದು ಇನ್ನೊಂದು ಚರ್ಚೆ, ಅದನ್ನೂ ಮಾಡೋಣ.

ಆಳಂದ_ಎರೆಮಣ್ಣು
ಒಂದು ಅನುಮಾನ. ಭಾರತ ಕೊಳ್ಳದಿದ್ದರೆ ಮೊಜಾಂಬಿಕ್‌ನವರು ಬೇರೆ ದೇಶಕ್ಕೆ ಮಾರಬಹುದಲ್ಲ?

ಸೇಡಂ_ಮೇಷ್ಟ್ರು
ಯಾರಿಗೆ? ತೊಗರಿಯನ್ನು ಈ ಪ್ರಮಾಣದಲ್ಲಿ ತಿನ್ನುವ ದೇಶ ನಮ್ಮದೊಂದೇ. ಮಲಾವಿಯ ದಕ್ಷಿಣ ಭಾಗದಲ್ಲಿ, ಕೀನ್ಯಾದಲ್ಲಿ ಜನ ತಿನ್ನುತ್ತಾರೆ. ಮೊಜಾಂಬಿಕ್‌ನಲ್ಲಿ ಬೆಳೆದದ್ದರಲ್ಲಿ ಬಹುಪಾಲು ಬರುವುದು ನಮ್ಮಲ್ಲಿಗೇ. ಊಟದ ಅಭ್ಯಾಸ ಕೂಡ ವ್ಯಾಪಾರದ ದಾರಿ ಹಾಕುತ್ತದೆ. ಸೋಯಾಬೀನ್ ಆದರೆ ಚೀನಾ ಬಿಟ್ಟರೆ ಯುರೋಪ್ ಇದೆ. ತೊಗರಿಗೆ ಕೊಳ್ಳುವವರು ಒಬ್ಬರೇ. ಅಂಥ ಕಡೆ ಕೊಳ್ಳುವವನ ಒಂದು ಸಹಿ ಸಾಕು.

ಮತ್ತೆ ನಂಟಸ್ತಿಕೆ. ಪೂರ್ವ ಆಫ್ರಿಕಾದ ದಂಡೆಯಲ್ಲಿ ಗುಜರಾತಿ ವ್ಯಾಪಾರಿಗಳು ಶತಮಾನಗಳಿಂದ ಇದ್ದಾರೆ. ಅಲ್ಲಿ ಕಾಳು ಕೂಡಿಸುವವರು, ಇಲ್ಲಿ ಕೊಳ್ಳುವವರು ಒಬ್ಬರಿಗೊಬ್ಬರು ಗೊತ್ತಿರುವ ಮನೆತನಗಳು. ಫೋನಿನಲ್ಲಿ ಮಾತು ಕೊಟ್ಟರೆ ನಡೆಯುತ್ತದೆ. ಆ ನಂಬಿಕೆ ಇರದ ದೇಶದಿಂದ ಅದೇ ಕಾಳು ತರಿಸಲು ಎರಡು ಪಟ್ಟು ಕಾಗದ ಬೇಕು.

ಬೀದರ್_ಕೋಟೆ
ಬೀಜದ ಕತೆಯನ್ನೂ ಸೇರಿಸಿ ಮೇಷ್ಟ್ರೇ. ತೊಗರಿ ಹುಟ್ಟಿದ್ದೇ ನಮ್ಮ ನಾಡಲ್ಲಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆಯ ಮಾರುತಿ ತಳಿ 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು, ನೆಟೆ ರೋಗ ತಡೆಯುತ್ತದೆ ಅಂತ ನಮ್ಮ ಭಾಗದಲ್ಲೆಲ್ಲ ಹಬ್ಬಿತು. ಅದೇ ಸಂಸ್ಥೆ ಪೂರ್ವ ಆಫ್ರಿಕಾಕ್ಕೂ ತಳಿಗಳನ್ನು ಕೊಟ್ಟಿದೆ. ಹೊಲಕ್ಕೂ ಹೊಲಕ್ಕೂ ನಡುವೆ ಇರುವ ತಂತ್ರಜ್ಞಾನದ ಅಂತರ ಕಡಿಮೆಯಾಗುತ್ತಾ ಬಂದರೆ, ಯಾರಿಗೆ ಜಮೀನು, ಕೂಲಿ ಅಗ್ಗವೋ ಅವರ ಮಾಲು ಅಗ್ಗ.

ಶಹಾಪುರ_ಹತ್ತಿ
ತೊಗರಿ ಮಾತಾಯಿತು, ಯಾದಗಿರಿಯ ಹತ್ತಿ ಮಾತು ಕೇಳಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಮಾಲಿಗೆ ಮೊದಲು ಶೇ 25, ಆಮೇಲೆ ಇನ್ನೂ ಶೇ 25 ಸುಂಕ ಹಾಕಿತು. ಅದು ಬಿದ್ದದ್ದು ತಿರುಪ್ಪೂರಿನಂಥ ಕಡೆ ಬಟ್ಟೆ ಹೊಲಿಯುವವರ ಮೇಲೆ. ಅವರಿಗೆ ನೂಲು ಅಗ್ಗ ಸಿಗಲಿ ಅಂತ ನಮ್ಮ ಸರ್ಕಾರ ಆಗಸ್ಟ್ 19ರಿಂದ ಹತ್ತಿ ಆಮದಿನ ಮೇಲಿದ್ದ ಶೇ 11 ಸುಂಕ ಬಿಟ್ಟಿತು. ಮೊದಲು ಸೆಪ್ಟೆಂಬರ್ 30ರ ತನಕ ಅಂದರು, ಆಮೇಲೆ ಡಿಸೆಂಬರ್ 31ಕ್ಕೆ ಮುಂದೂಡಿದರು.

ಡಿಸೆಂಬರ್ ಅಂದರೆ ನಮ್ಮ ಹತ್ತಿ ಬಿಡಿಸಿ, ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್‌ಗೆ ತರುವ ಕಾಲ! ಜೂನ್‌ನಲ್ಲಿ ಬಿತ್ತುವಾಗ ಈ ಸುದ್ದಿಯೇ ಇರಲಿಲ್ಲ. ವಾಷಿಂಗ್ಟನ್‌ನಲ್ಲಿ ಬಟ್ಟೆಗೆ ಹಾಕಿದ ಸುಂಕ, ಶಹಾಪುರದ ಹೊಲದಲ್ಲಿ ಬೀಜ ಹಾಕಿದವನ ಮೇಲೆ ಬಂತು. ಸುಂಕ ಹಾಕಿಸಿಕೊಂಡವರು ಅಂಗಿ ಮಾಡುವವರು, ತೆರಬೇಕಾದವರು ನಾವು.

ಅಫಜಲಪುರ_ಕಬ್ಬು
ನೋಡಿ, ಅದಕ್ಕೇ ನಾನು ಬಂದ್ ಮಾಡಿ ಅನ್ನುವುದು.

ಶಹಾಪುರ_ಹತ್ತಿ
ಅಣ್ಣಾ, ಬಂದ್ ಮಾಡಿದರೆ ತಿರುಪ್ಪೂರು ನಿಲ್ಲುತ್ತದೆ. ತಿರುಪ್ಪೂರು ನಿಂತರೆ ನನ್ನ ಹತ್ತಿ ಯಾರು ಕೊಳ್ಳುತ್ತಾರೆ? ನಾನು ಬಂದ್ ಕೇಳುತ್ತಿಲ್ಲ. ಬಿತ್ತುವಾಗ ಇದ್ದ ನಿಯಮ ರಾಶಿ ಆಗುವ ತನಕ ಇರಲಿ ಅಂತ ಕೇಳುತ್ತಿದ್ದೇನೆ.

ದಾಲ್‌ಮಿಲ್_ಹುಮನಾಬಾದ್
ನೂರಕ್ಕೆ ನೂರು. ಮಿಲ್‌ನವರಿಗೂ ಇದೇ ಬೇಕು. ಹಳದಿ ಬಟಾಣಿ ಕತೆ ನೋಡಿ. 2017ರ ನವೆಂಬರ್‌ನಲ್ಲಿ ಶೇ 50 ಸುಂಕ. 2023ರ ಡಿಸೆಂಬರ್‌ನಲ್ಲಿ ಸುಂಕವೇ ಇಲ್ಲ. 2025ರ ನವೆಂಬರ್ 1ರಿಂದ ಶೇ 30. ಮಧ್ಯದ ಎರಡು ವರ್ಷ ಕೆನಡಾ, ರಷ್ಯಾದಿಂದ ಹಡಗು ಹಡಗೇ ಬಂತು. 2024-25ರಲ್ಲಿ ದೇಶದ ಒಟ್ಟು ಬೇಳೆಕಾಳು ಆಮದು ಸುಮಾರು 73 ಲಕ್ಷ ಟನ್, ಅದರಲ್ಲಿ ತೊಗರಿಯೇ 12 ಲಕ್ಷ ಟನ್. ಅಗ್ಗದ ಬಟಾಣಿ ಕಡಲೆಹಿಟ್ಟಿನಲ್ಲಿ, ಹೋಟೆಲ್ ಸಾಂಬಾರಿನಲ್ಲಿ ಸೇರಿ ಎಲ್ಲ ಬೇಳೆಯ ದರವನ್ನೂ ಎಳೆಯಿತು. 2025ರಲ್ಲಿ ತೊಗರಿ ಬೆಂಬಲ ಬೆಲೆ 7,550 ಇತ್ತು, ಮಾರುಕಟ್ಟೆ ಅದಕ್ಕಿಂತ ಕೆಳಗಿಳಿಯಿತು. ಹಿಂದಿನ ವರ್ಷ 10 ಸಾವಿರ ಕಂಡ ರೈತ ಅವನು!

ಅಫಜಲಪುರ_ಕಬ್ಬು
ಸರಿ. ಪೂರ್ತಿ ಬಂದ್ ಬೇಡ ಅಂತಲೇ ಇಟ್ಟುಕೊಳ್ಳಿ. ಆದರೆ ಬೆಂಬಲ ಬೆಲೆಗಿಂತ ಕೆಳಗೆ ಬಂದು ಬೀಳುವ ಹಾಗೆ ಆಮದು ಮಾಲು ಒಳಗೆ ಬಿಡಬಾರದು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಚಿಂಚೋಳಿ_ಅಕ್ಕ
ಅದು ನ್ಯಾಯ.

ಬೆಂಗಳೂರು_ಸಾರು
ಬರಗಾಲದ ವರ್ಷ ಏನು ಮಾಡುವುದು ಅಂತಲೂ ಬರೆದಿರಲಿ. ಆಗ ಬಾಗಿಲು ತೆಗೆಯಲೇಬೇಕು. ತೆಗೆದದ್ದನ್ನು ಯಾವಾಗ ಮುಚ್ಚುತ್ತೀರಿ ಅಂತ ಅದೇ ದಿನ ಹೇಳಬೇಕು.

ಆಳಂದ_ಎರೆಮಣ್ಣು
ನಾವು ಹೊರಗೆ ಮಾರುವುದು ಯಾಕಿಲ್ಲ? ಜಿಐ ಇದೆ, ರುಚಿ ಇದೆ. ಅಮೆರಿಕ, ದುಬೈ ಎಲ್ಲ ಕಡೆ ನಮ್ಮವರಿದ್ದಾರೆ.

ದಾಲ್‌ಮಿಲ್_ಹುಮನಾಬಾದ್
2006ರಿಂದ 2017ರ ತನಕ ಬೇಳೆಕಾಳು ರಫ್ತಿಗೆ ನಿಷೇಧವಿತ್ತು. ಹನ್ನೊಂದು ವರ್ಷ ಅಂಗಡಿ ಮುಚ್ಚಿದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಈಗ ಬಾಗಿಲು ತೆರೆದಿದೆ, ಆದರೆ ಮತ್ತೆ ಮುಚ್ಚುವುದಿಲ್ಲ ಅಂತ ಯಾರೂ ನಂಬುವುದಿಲ್ಲ. ನಂಬದ ಕಡೆ ಯಾರೂ ಪ್ಯಾಕಿಂಗ್ ಯಂತ್ರಕ್ಕೆ ದುಡ್ಡು ಹಾಕುವುದಿಲ್ಲ. ಹೊರಗೆ ಮಾರಬೇಕಾದರೆ ಜಿಐ ಚೀಟಿ ಅಂಟಿಸಿದರೆ ಸಾಲದು. ಒಂದೇ ಹೊಲದ, ಒಂದೇ ತಳಿಯ ಕಾಳನ್ನು ಬೇರೆ ಮಾಲಿನ ಜೊತೆ ಕಲೆಸದೆ ಒಡೆಯಬೇಕು. ರೈತರ ಕಂಪನಿಗಳು ಇದನ್ನು ಮಾಡಬಹುದು. ಮಾಡಬೇಕು.

ಮಸ್ಕತ್_ಚಿತ್ತಾಪುರ
ಇಲ್ಲಿ ಮಸ್ಕತ್ ಅಂಗಡಿಯಲ್ಲಿ ತೊಗರಿ ಬೇಳೆ ಪ್ಯಾಕೆಟ್ ಸಾಲಾಗಿ ಇಟ್ಟಿರುತ್ತಾರೆ. ಕಲಬುರಗಿ ಅನ್ನುವ ಹೆಸರು ನಾನು ಹುಡುಕಿದ ಯಾವ ಪ್ಯಾಕೆಟ್ ಮೇಲೂ ಸಿಗಲಿಲ್ಲ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಯಾರಾದರೂ ಕಳಿಸುವ ಮನಸ್ಸು ಮಾಡಿದರೆ ಈ ಕಡೆಯ ಕಾಗದಪತ್ರದ ಕೆಲಸ ನಾನು ತಿಳಿಸಿಕೊಡುತ್ತೇನೆ.

ಸೇಡಂ_ಮೇಷ್ಟ್ರು
ಎರೆಮಣ್ಣು, ನಿನ್ನ ಪ್ರಾಜೆಕ್ಟಿಗೆ ಇದನ್ನೇ ತಗೋ. ಗಂಜ್‌ನ ಹತ್ತು ವರ್ಷದ ತಿಂಗಳ ದರ ಎಪಿಎಂಸಿಯಲ್ಲಿ ಸಿಗುತ್ತದೆ. ಆಮದು ಆದೇಶಗಳ ತಾರೀಖುಗಳನ್ನು ಅದರ ಪಕ್ಕದಲ್ಲಿ ಬರೆ. ಬಿತ್ತನೆ, ರಾಶಿ, ಹಡಗು ಇಳಿದ ತಿಂಗಳು, ಡಾಲರ್ ದರ ಸೇರಿಸು. ಯಾವ ಆದೇಶ ಯಾರಿಗೆ ತಡವಾಗಿ ಬಂತು ಅಂತ ಹಾಳೆಯ ಮೇಲೇ ಕಾಣುತ್ತದೆ.

ಆಳಂದ_ಎರೆಮಣ್ಣು
ಮಾಡುತ್ತೇನೆ ಸರ್. 2015ರಿಂದಲೇ ಶುರು ಮಾಡುತ್ತೇನೆ. ಕಾಕಾ, ಹಳೆಯ ಪಟ್ಟಿಗಳು ನಿಮ್ಮ ಅಂಗಡಿಯಲ್ಲಿ ಇವೆಯಾ?

ಗಂಜ್_ಅಡತಿ
ಎಲ್ಲ ಇವೆ, ಬಾ. ರಾಶಿ ಕಾಲದಲ್ಲಿ ಬೆಳಿಗ್ಗೆ ಬರಬೇಡ, ಸವಾಲು, ಅಂದರೆ ಹರಾಜು ನಡೆದಿರುತ್ತದೆ. ಮಧ್ಯಾಹ್ನ ಊಟದ ಮೇಲೆ ಬಾ.

ಶಹಾಪುರ_ಹತ್ತಿ
ಅದೇ ಹಾಳೆಯಲ್ಲಿ ಹತ್ತಿಗೂ ಒಂದು ಕಾಲಂ ಹಾಕು ತಮ್ಮಾ. ಜಿನ್ನಿಂಗ್ ದರ ನಾನು ಕಳಿಸುತ್ತೇನೆ. ಮೂರೂ ಜಿಲ್ಲೆಯವರು ಸೇರಿ ಸಂಸದರಿಗೆ ಕೊಡೋಣ. ಆಮದಿನ ಮಿತಿ, ಸುಂಕ ಎರಡನ್ನೂ ಮೇ ತಿಂಗಳೊಳಗೆ ಹೇಳಿ, ಮಧ್ಯದಲ್ಲಿ ಬದಲಿಸಬೇಡಿ ಅಂತ.

ಅಫಜಲಪುರ_ಕಬ್ಬು
ಬೆಂಬಲ ಬೆಲೆಯ ಸಾಲನ್ನೂ ಸೇರಿಸಿ. ಸಹಿ ಹಾಕಲು ನಮ್ಮ ಕಡೆಯಿಂದ ಜನ ಕರೆತರುತ್ತೇನೆ.